ಗಿಟ್‌ಹಬ್ ರೆಪೋಗೆ ಹೊರಗಿನ ಟೂಲ್ ಜೋಡಿಸೋ ಮುಂಚೆ: ಪರ್ಮಿಷನ್ ಹೆಂಗೆ ಓದ್ಬೇಕು, ಡೇಟಾ ಹೆಂಗೆ ಕಾಯ್ಬೇಕು

ಗಿಟ್‌ಹಬ್ ಅಂದ್ರೆ ನಮ್ಮ ಕೋಡ್‌ನ ಇಂಟರ್ನೆಟ್‌ನಲ್ಲಿ ಇಡೋ ಜಾಗ, ಅಲ್ಲಿ ಒಂದು ಪ್ರಾಜೆಕ್ಟ್‌ನ ಫೋಲ್ಡರ್‌ಗೆ ರೆಪೋ ಅಂತಾರೆ. ಕೋಡ್ ರಿವ್ಯೂ ಮಾಡೋ ಬಾಟ್ ಆಗ್ಲಿ, ಪುಶ್ ಮಾಡಿದ (ಕೋಡ್ ಅಲ್ಲಿಗೆ ಕಳ್ಸಿದ) ತಕ್ಷಣ ಸೈಟ್ ಡಿಪ್ಲಾಯ್ ಮಾಡೋ (ಜನ ಬಳಸೋ ಹಂಗೆ ಏರಿಸೋ) ಹೋಸ್ಟಿಂಗ್ ಆಗ್ಲಿ, ಈಗೀಗ ಬಂದಿರೋ ಎಐ ಅಸಿಸ್ಟೆಂಟ್‌ಗಳಾಗ್ಲಿ, ಎಲ್ಲಾ ಕಡೆ ಶುರುವಾಗೋದು ಒಂದೇ ಥರ. "ಕನೆಕ್ಟ್ ಗಿಟ್‌ಹಬ್" ಅಂತ ಒಂದು ಬಟನ್, ಅದನ್ನ ಒತ್ತಿದ್ರೆ ಪರ್ಮಿಷನ್‌ಗಳ ಒಂದು ಪಟ್ಟಿ, ಕೆಳಗೆ ಹಸಿರು ಬಣ್ಣದ "ಆಥರೈಸ್". ಪಟ್ಟಿ ಓದೋರು ಬಾಳ ಕಡಿಮೆ. ದಾವಣಗೆರೆಯ ಬಿಐಇಟಿ, ಯುಬಿಡಿಟಿ ಥರದ ಕಾಲೇಜಿನ ಫೈನಲ್ ಇಯರ್ ಹುಡುಗ್ರು ಹುಡುಗೀರು, ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ಎರಡು ರೂಮಲ್ಲಿ ನಾಲ್ಕೈದು ಜನ ಸೇರಿ ನಡೆಸೋ ಸಣ್ಣ ಸಾಫ್ಟ್‌ವೇರ್ ಆಫೀಸ್‌ನೋರು, ಇವ್ರನ್ನ ಮನಸ್ಸಲ್ಲಿ ಇಟ್ಕೊಂಡು ಇದನ್ನ ಬರೀತಿದೀನಿ, ಯಾಕಂದ್ರೆ ದೊಡ್ಡ ಕಂಪನಿಗಳಲ್ಲಿ ಇದಕ್ಕಂತಾನೇ ಸೆಕ್ಯೂರಿಟಿ ಟೀಮ್ ಇರುತ್ತೆ, ಇಲ್ಲಿ ಇರಲ್ಲ, ಬಟನ್ ಯಾರು ಒತ್ತುತ್ತಾರೋ ಅವ್ರೇ ಎಲ್ಲಾ ನೋಡ್ಕೋಬೇಕು.

ಒಂದು ಉದಾಹರಣೆ ಇಟ್ಕೊಂಡು ಹೋಗೋಣ. ಎಪಿಎಂಸಿಯ ಒಂದು ಮೆಕ್ಕೆಜೋಳದ ದಲ್ಲಾಳಿ ಮಂಡಿಗೆ ನೀವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ಕೊಡ್ತಿದೀರಿ ಅಂತ ತಿಳ್ಕೊಳ್ರಿ. ರೈತರು ಲೋಡ್ ತರ್ತಾರೆ, ತೂಕ ಆಗುತ್ತೆ, ರೇಟು ಹಾಕಿ ಹಮಾಲಿ ಕಳೆದು ಪಟ್ಟಿ (ಬಿಲ್) ಆಗುತ್ತೆ, ದುಡ್ಡು ಬ್ಯಾಂಕ್ ಖಾತೆಗೆ ಹೋಗುತ್ತೆ. ಅಂದ್ರೆ ಡೇಟಾಬೇಸ್‌ನಲ್ಲಿ ಏನೇನಿರುತ್ತೆ? ರೈತರ ಹೆಸರು, ಊರು, ಮೊಬೈಲ್ ನಂಬರ್, ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್, ಯಾವ ವರ್ಷ ಎಷ್ಟು ಕ್ವಿಂಟಲ್ ತಂದ್ರು, ಎಷ್ಟು ಮುಂಗಡ ತಗೊಂಡಿದ್ರು ಅನ್ನೋದೆಲ್ಲಾ. ಟೆಸ್ಟ್ ಮಾಡೋಕೆ ಬೇಕು ಅಂತ ಮಂಡಿಯ ಅಸಲಿ ಡೇಟಾದ ಬ್ಯಾಕಪ್ ಫೈಲ್ ಒಂದು ರೆಪೋದ ಯಾವ್ದೋ ಫೋಲ್ಡರ್‌ನಲ್ಲಿ ಕೂತಿರುತ್ತೆ. ಈಗ ನೀವು ಒಂದು ಕೋಡ್ ರಿವ್ಯೂ ಬಾಟ್ ಜೋಡಿಸಿದ್ರಿ ಅಂದ್ರೆ ಆ ಫೈಲೂ ಅದರ ಕೈಗೆ ಸಿಗುತ್ತೆ. ಜಗಳೂರು ಕಡೆಯ ರೈತರೊಬ್ಬರ ಸಾಲದ ಲೆಕ್ಕ ಯಾವ್ದೋ ದೇಶದ ಸರ್ವರ್‌ಗೆ ಹೋಗಿ ಕೂರುತ್ತೆ, ಅವ್ರಿಗೆ ಗಿಟ್‌ಹಬ್ ಅಂದ್ರೇನು ಅಂತ್ಲೂ ಗೊತ್ತಿರಲ್ಲ, ಅವ್ರನ್ನ ಯಾರೂ ಕೇಳಿರಲ್ಲ. ನೀವು ಒಬ್ರು ಕೊಡೋ ಒಪ್ಪಿಗೇಲಿ ಅಂಥ ನೂರಾರು ಜನರ ಒಪ್ಪಿಗೆನೂ ಸೇರಿ ಹೋಗ್ತಿರುತ್ತೆ, ಇದನ್ನ ತಲೇಲಿ ಇಟ್ಕೊಂಡು ಮುಂದಿನ ಹೆಜ್ಜೆಗಳನ್ನ ಓದ್ರಿ.

ಹೆಜ್ಜೆ 1: ಮೊದ್ಲು ರೆಪೋ ಒಳಗೆ ಏನಿದೆ ನೋಡ್ರಿ

ಟೂಲ್ ಒಳ್ಳೇದಾ ಕೆಟ್ಟದ್ದಾ ಅಂತ ಯೋಚಿಸೋದು ಆಮೇಲೆ. ಮೊದ್ಲು ರೆಪೋನ ಒಂದ್ಸಲ ಪೂರ್ತಿ ಹುಡುಕ್ರಿ, ಇದೊಂದು ಕೆಲಸ ಸರಿಯಾಗಿ ಆದ್ರೆ ಮುಂದಿನ ಅರ್ಧ ಚಿಂತೆ ಕಡಿಮೆ ಆಗುತ್ತೆ.

ಹುಡುಕಬೇಕಾದ್ದು: ಡಾಟ್ ಎನ್ವ್ ಫೈಲ್‌ಗಳು (ಪಾಸ್‌ವರ್ಡ್, ಕೀ ಬರೆದಿಡೋ ಫೈಲ್; ಕೀ ಅಂದ್ರೆ ಪಾಸ್‌ವರ್ಡ್ ಥರದ ಗುಟ್ಟಿನ ಅಕ್ಷರಗಳು), ಎಸ್‌ಕ್ಯೂಎಲ್ ಡಂಪ್ (ಡೇಟಾಬೇಸ್‌ನ ಪೂರ್ತಿ ಕಾಪಿ), ಎಕ್ಸೆಲ್ ಮತ್ತು ಸಿಎಸ್‌ವಿ ಫೈಲ್, ಫೈರ್‌ಬೇಸ್ ಅಥವಾ ಗೂಗಲ್ ಕ್ಲೌಡ್‌ನ ಸರ್ವಿಸ್ ಅಕೌಂಟ್ ಜೇಸನ್ ಫೈಲ್, ಆಂಡ್ರಾಯ್ಡ್ ಆ್ಯಪ್‌ನ ಕೀಸ್ಟೋರ್ (ಆ್ಯಪ್‌ಗೆ ಸಹಿ ಹಾಕೋ ಕೀ ಇರೋ ಫೈಲ್), ಪೇಮೆಂಟ್ ಗೇಟ್‌ವೇ ಕೀ, ಎಸ್‌ಎಂಎಸ್ ಕಳ್ಸೋ ಸರ್ವಿಸ್‌ನ ಕೀ, ಲಾಗ್ ಫೈಲ್‌ಗಳು. ಇನ್ನೊಂದು ಯಾರೂ ನೋಡದೇ ಬಿಡೋದು ಅಂದ್ರೆ ಸ್ಕ್ರೀನ್‌ಶಾಟ್. ಪ್ರಾಜೆಕ್ಟ್ ರಿಪೋರ್ಟ್‌ಗೆ ಅಂತ ಹಾಕಿರೋ ಫೋಟೋದಲ್ಲಿ ನಿಜವಾದ ಗಿರಾಕಿ ಹೆಸರು, ಫೋನ್ ನಂಬರ್, ಕೆಲವು ಸಲ ಆಧಾರ್ ನಂಬರ್ ಕೂಡ ಕಾಣ್ತಿರುತ್ತೆ. ಇಶ್ಯೂಗಳಲ್ಲಿ (ರೆಪೋದಲ್ಲಿ ತಪ್ಪು, ಬೇಡಿಕೆ ಬರೆದಿಡೋ ಜಾಗ) ಹಾಕಿರೋ ಫೋಟೋನೂ ನೋಡ್ರಿ, ಇಶ್ಯೂ ಓದೋ ಪರ್ಮಿಷನ್ ಇರೋ ಟೂಲ್‌ಗೆ ಅದೂ ಸಿಗುತ್ತೆ.

ಇಲ್ಲಿ ಗಿಟ್‌ನ ಸ್ವಭಾವ ಗೊತ್ತಿರ್ಬೇಕು, ಅದು ಕೋಡ್‌ನ ಬದಲಾವಣೆಗಳನ್ನ ಒಂದೊಂದು ಕಮಿಟ್ ಆಗಿ ದಾಖಲಿಸಿ ಹಿಸ್ಟರೀಲಿ ಇಡೋ ಸಾಫ್ಟ್‌ವೇರ್. ಫೈಲ್ ಡಿಲೀಟ್ ಮಾಡಿ ಹೊಸ ಕಮಿಟ್ ಹಾಕಿದ್ರೆ ಅದು ಈಗಿನ ಫೋಲ್ಡರ್‌ನಿಂದ ಹೋಗುತ್ತೆ ಅಷ್ಟೇ, ಹಳೇ ಕಮಿಟ್‌ನಲ್ಲಿ ಹಂಗೇ ಇರುತ್ತೆ, ರೆಪೋ ಕ್ಲೋನ್ ಮಾಡಿದೋರಿಗೆಲ್ಲಾ (ಪೂರ್ತಿ ಕಾಪಿ ಇಳಿಸ್ಕೊಂಡೋರಿಗೆಲ್ಲಾ) ಸಿಗುತ್ತೆ. ಹಂಗೇ ಗಿಟ್‌ಇಗ್ನೋರ್‌ನಲ್ಲಿ (ಗಿಟ್ ಲೆಕ್ಕಕ್ಕೆ ತಗೋಬಾರ್ದ ಫೈಲ್‌ಗಳ ಪಟ್ಟೀಲಿ) ಫೈಲ್ ಹೆಸರು ಬರೆದ್ರೆ ಮುಗೀತು ಅಂತ ಬಾಳ ಜನ ನಂಬಿದ್ದಾರೆ, ಆದ್ರೆ ಆಗ್ಲೇ ಒಂದ್ಸಲ ಕಮಿಟ್ ಆಗಿರೋ ಫೈಲ್‌ಗೆ ಗಿಟ್‌ಇಗ್ನೋರ್ ಏನೂ ಮಾಡಲ್ಲ, ಅದನ್ನ ಗಿಟ್‌ನ ಲೆಕ್ಕದಿಂದಾನೇ ತೆಗೀಬೇಕು. ಹಿಸ್ಟರಿಯಿಂದ ತೆಗಿಯೋಕೆ ಗಿಟ್ ಫಿಲ್ಟರ್-ರೆಪೋ ಅನ್ನೋ ಟೂಲ್ ಇದೆ, ಅದು ಎಲ್ಲಾ ಕಮಿಟ್‌ಗಳನ್ನ ಹೊಸದಾಗಿ ಬರೆಯುತ್ತೆ, ಹಂಗಾಗಿ ಟೀಮಿನೋರಿಗೆ ಮೊದ್ಲೇ ಹೇಳಿ, ಎಲ್ಲರೂ ತಮ್ಮ ಕೆಲಸ ಪುಶ್ ಮಾಡಿದ್ಮೇಲೆ ಮಾಡ್ರಿ, ಆಮೇಲೆ ಎಲ್ಲರೂ ಫ್ರೆಶ್ ಆಗಿ ಕ್ಲೋನ್ ತಗೋಬೇಕು. ಇಷ್ಟಾದ್ರೂ ಯಾರ್ದೋ ಫೋರ್ಕ್‌ನಲ್ಲಿ (ಗಿಟ್‌ಹಬ್‌ನಲ್ಲೇ ಮಾಡ್ಕೊಂಡ ಕಾಪೀಲಿ), ಯಾರ್ದೋ ಲ್ಯಾಪ್‌ಟಾಪ್‌ನಲ್ಲಿ ಹಳೇ ಕಾಪಿ ಉಳಿದಿರಬಹುದು.

ಹಂಗಾಗಿ ಕೀ ಅಥವಾ ಪಾಸ್‌ವರ್ಡ್ ಸಿಕ್ರೆ ಮೊದ್ಲು ಮಾಡೋ ಕೆಲಸ ಅದನ್ನ ರದ್ದು ಮಾಡಿ ಹೊಸದು ತಗೊಳ್ಳೋದು. ಹಿಸ್ಟರಿ ಕ್ಲೀನ್ ಮಾಡೋದು ಎರಡನೇ ಕೆಲಸ. ಈ ಕ್ರಮ ಉಲ್ಟಾ ಮಾಡ್ಬೇಡ್ರಿ, ಅರ್ಧ ದಿನ ಹಿಸ್ಟರಿ ತೊಳೀತಾ ಕೂತಿರೋ ಹೊತ್ತಲ್ಲಿ ಹಳೇ ಕೀ ಇನ್ನೂ ಕೆಲಸ ಮಾಡ್ತಾನೇ ಇರುತ್ತೆ.

ಕೀನಾದ್ರೂ ಬದಲಾಯಿಸಬಹುದು, ರೈತರ ಖಾತೆ ನಂಬರ್ ಹೆಂಗೆ ಬದಲಾಯಿಸ್ತೀರಿ? ಅದಕ್ಕೇ ಅಸಲಿ ಡೇಟಾ ರೆಪೋಗೆ ಬರ್ಲೇಬಾರ್ದು. ಟೆಸ್ಟ್‌ಗೆ ಸುಳ್ಳು ಡೇಟಾ ಮಾಡ್ಕೊಳ್ರಿ, ಒಂದು ಸಣ್ಣ ಸ್ಕ್ರಿಪ್ಟ್ ಬರೆದ್ರೆ ಐನೂರು ಸುಳ್ಳು ರೈತರು, ಸುಳ್ಳು ಖಾತೆ, ಸುಳ್ಳು ತೂಕ ಎಲ್ಲಾ ಬರುತ್ತೆ. ಫೇಕರ್ ಅಂತ ಲೈಬ್ರರಿ ಇದೆ, ಪೈಥಾನ್‌ಗೂ ಸಿಗುತ್ತೆ, ಜಾವಾಸ್ಕ್ರಿಪ್ಟ್‌ಗೂ ಸಿಗುತ್ತೆ. ಅಸಲಿ ಡೇಟಾದಲ್ಲಿ ಮಾತ್ರ ಬರೋ ಬಗ್ ಹಿಡೀಬೇಕು ಅಂದ್ರೆ ಮಂಡಿಯ ಕಂಪ್ಯೂಟರ್‌ನಲ್ಲೇ ಕೂತು ನೋಡ್ರಿ, ಫೈಲ್ ಮನೆಗೆ ತರೋದು ಬೇಡ.

ಹೆಜ್ಜೆ 2: ಪರ್ಮಿಷನ್ ಪೇಜ್ ನಿಧಾನಕ್ಕೆ ಓದ್ರಿ

ಗಿಟ್‌ಹಬ್‌ನಲ್ಲಿ ಹೊರಗಿನ ಟೂಲ್ ಜೋಡಿಸೋಕೆ ಮುಖ್ಯವಾಗಿ ಎರಡು ದಾರಿ ಇದಾವೆ. ಒಂದು ಓಆತ್ ಆ್ಯಪ್, ಇನ್ನೊಂದು ಗಿಟ್‌ಹಬ್ ಆ್ಯಪ್. ನೋಡೋಕೆ ಎರಡೂ ಒಂದೇ ಥರ ಕಂಡ್ರೂ ವ್ಯತ್ಯಾಸ ದೊಡ್ಡದು.

ಓಆತ್ ಆ್ಯಪ್ ಹಳೇ ಪದ್ಧತಿ. ಅದು ಸ್ಕೋಪ್, ಅಂದ್ರೆ ಯಾವ್ಯಾವ ಅಧಿಕಾರ ಬೇಕು ಅನ್ನೋದನ್ನ ಕೇಳುತ್ತೆ. ಬರೀ ಲಾಗಿನ್‌ಗೆ ಅಂದ್ರೆ ನಿಮ್ಮ ಪ್ರೊಫೈಲ್, ಇಮೇಲ್ ಓದೋ ಸ್ಕೋಪ್ ಸಾಕು, ಅಷ್ಟೇ ಕೇಳಿದ್ರೆ ದೊಡ್ಡ ಭಯ ಇಲ್ಲ. ಆದ್ರೆ "ರೆಪೋ" ಅನ್ನೋ ಸ್ಕೋಪ್ ಕೇಳ್ತು ಅಂದ್ರೆ ನಿಂತ್ಕೊಳ್ರಿ. ಅದರ ಅರ್ಥ ನೀವು ಕೈ ಇಡಬಹುದಾದ ಎಲ್ಲಾ ರೆಪೋ, ಪಬ್ಲಿಕ್ಕೂ ಪ್ರೈವೇಟೂ, ಓದೋಕೂ ಬರಿಯೋಕೂ. ಪ್ರೈವೇಟ್ ರೆಪೋನ ಬರೀ ಓದೋಕೆ ಮಾತ್ರ ಬಿಡೋ ಸ್ಕೋಪ್ ಓಆತ್ ಆ್ಯಪ್‌ನಲ್ಲಿ ಇಲ್ವೇ ಇಲ್ಲ, ಹಂಗಾಗಿ ನಿಮ್ಮ ಪ್ರೈವೇಟ್ ಕೋಡ್ ಸುಮ್ನೆ ನೋಡಬೇಕು ಅನ್ನೋ ಟೂಲೂ ಓಆತ್ ದಾರೀಲಿ ಬಂದ್ರೆ ಬರಿಯೋ ಅಧಿಕಾರನೂ ತಗೊಂಡೇ ಹೋಗುತ್ತೆ. ಒಂದು ಗೋಡೌನ್‌ನ ಮೂಟೆ ಎಣಿಸೋಕೆ ಬಂದೋರಿಗೆ ಯಾರ್ಡ್‌ನಲ್ಲಿರೋ ನಿಮ್ಮ ಅಷ್ಟೂ ಗೋಡೌನ್ ಕೀಲಿ ಗೊಂಚಲು ಕೊಟ್ಟಂಗೆ ಇದು.

ಇನ್ನೊಂದು ವಿಷಯ ಗಮನಿಸ್ರಿ, "ನೀವು ಕೈ ಇಡಬಹುದಾದ" ಅಂದೆ, ನಿಮ್ಮವು ಅನ್ನಲಿಲ್ಲ. ಗೆಳೆಯನ ಪ್ರೈವೇಟ್ ರೆಪೋಗೆ ನೀವು ಕೊಲ್ಯಾಬರೇಟರ್ ಆಗಿದ್ರೆ ಅದೂ ಸೇರುತ್ತೆ. ನಾಲ್ಕು ಜನರ ಪ್ರಾಜೆಕ್ಟ್ ಟೀಮ್‌ನಲ್ಲಿ ಮೂರು ಜನ ಎಷ್ಟೇ ಜೋಪಾನ ಮಾಡಿದ್ರೂ ನಾಲ್ಕನೆಯೋರು ರಾತ್ರಿ ಹನ್ನೊಂದಕ್ಕೆ ಯಾವ್ದೋ ರೆಸ್ಯೂಮೆ ಮಾಡೋ ಸೈಟಿಗೆ ರೆಪೋ ಸ್ಕೋಪ್ ಕೊಟ್ರೆ ನಾಲ್ಕೂ ಜನರ ಕೆಲಸ ಅದರ ಕೈಗೆ ಹೋಯ್ತು. ಹಂಗಾಗಿ ಟೀಮ್ ಸೇರಿದ ಮೊದಲನೇ ದಿನಾನೇ ಇದನ್ನ ಮಾತಾಡ್ಕೊಳ್ರಿ, "ಈ ರೆಪೋ ಇರೋ ಅಕೌಂಟಿಂದ ಯಾರೂ ಕೇಳದೇ ಟೂಲ್ ಜೋಡಿಸಬಾರ್ದು" ಅಂತ.

ಗಿಟ್‌ಹಬ್ ಆ್ಯಪ್ ಇದಕ್ಕಿಂತ ಎಷ್ಟೋ ವಾಸಿ. ಇದರಲ್ಲಿ ಪರ್ಮಿಷನ್ ತುಂಡು ತುಂಡಾಗಿ ಇರುತ್ತೆ, ಪ್ರತಿ ತುಂಡಿಗೂ ಓದೋದಾ, ಬರಿಯೋದಾ ಅಂತ ಬೇರೆ ಬೇರೆ ಕಾಣುತ್ತೆ. ಯಾವ ರೆಪೋ ಅಂತ ನೀವೇ ಆರಿಸಬಹುದು. ಇನ್‌ಸ್ಟಾಲ್ ಆದ ಆ್ಯಪ್ ಬಳಸೋ ಟೋಕನ್ (ಒಳಗೆ ಬರೋಕೆ ಪಾಸ್ ಥರ ಕೆಲಸ ಮಾಡೋ ಅಕ್ಷರಗಳು) 1 ಗಂಟೇಲಿ ತಾನಾಗೇ ಸತ್ತು ಹೋಗುತ್ತೆ, ಅದೇ ಓಆತ್ ಆ್ಯಪ್‌ನ ಟೋಕನ್ ಬಳಸ್ತಾ ಇದ್ರೆ ಯಾರಾದ್ರೂ ರದ್ದು ಮಾಡೋವರೆಗೂ ಬದುಕಿರುತ್ತೆ. ಒಂದೇ ಕೆಲಸಕ್ಕೆ ಎರಡು ಟೂಲ್ ಇದ್ದು ಒಂದು ಓಆತ್, ಇನ್ನೊಂದು ಗಿಟ್‌ಹಬ್ ಆ್ಯಪ್ ಆಗಿದ್ರೆ ನಾನಂತೂ ಕಣ್ಣು ಮುಚ್ಚಿ ಎರಡನೇದು ತಗೊಳ್ಳಿ ಅಂತೀನಿ, ಸ್ವಲ್ಪ ಫೀಚರ್ ಕಡಿಮೆ ಇದ್ರೂ ಪರ್ವಾಗಿಲ್ಲ.

ಪಟ್ಟೀಲಿ ಬರೋ ಪದಗಳು ಏನು ಅಂತ ನೋಡೋಣ. "ಮೆಟಾಡೇಟಾ" ಓದೋದು ಎಲ್ಲಾ ಆ್ಯಪ್‌ಗೂ ಬೇಕೇ ಬೇಕು, ರೆಪೋ ಹೆಸರು, ವಿವರ ಇಂಥದ್ದು, ಅದಕ್ಕೆ ಹೆದರೋದು ಬೇಡ. "ಕಂಟೆಂಟ್ಸ್" ಅಂದ್ರೆ ನಿಮ್ಮ ಕೋಡ್, ಇದರಲ್ಲಿ ರೀಡ್ ಅಂದ್ರೆ ಇಡೀ ಹಿಸ್ಟರಿ ಸಮೇತ ಓದ್ತಾರೆ, ರೈಟ್ ಅಂದ್ರೆ ನಿಮ್ಮ ರೆಪೋಗೆ ಪುಶ್ ಮಾಡಬಹುದು. "ಪುಲ್ ರಿಕ್ವೆಸ್ಟ್ಸ್" (ಈ ಬದಲಾವಣೆ ಸೇರಿಸ್ಕೊಳ್ರಿ ಅನ್ನೋ ಕೋರಿಕೆಗಳು) ರೈಟ್ ಅಂದ್ರೆ ಕಾಮೆಂಟ್ ಹಾಕೋದು, ರಿವ್ಯೂ ಬರಿಯೋದು. "ವರ್ಕ್‌ಫ್ಲೋಸ್" ಅಂದ್ರೆ ಗಿಟ್‌ಹಬ್ ಆಕ್ಷನ್ಸ್‌ನ (ಟೆಸ್ಟ್, ಡಿಪ್ಲಾಯ್ ಥರದ ಕೆಲಸ ತಾನಾಗೇ ಓಡಿಸೋ ವ್ಯವಸ್ಥೆ) ಫೈಲ್ ತಿದ್ದೋ ಅಧಿಕಾರ, ಇದು ಸಣ್ಣದಲ್ಲ, ಆ ಫೈಲ್ ತಿದ್ದಿದೋರು ನಿಮ್ಮ ಸೀಕ್ರೆಟ್ಸ್‌ನ (ಅಲ್ಲಿ ಇಟ್ಟಿರೋ ಕೀ, ಪಾಸ್‌ವರ್ಡ್‌ಗಳನ್ನ) ಹೊರಗೆ ಸಾಗಿಸಬಹುದು. "ಅಡ್ಮಿನಿಸ್ಟ್ರೇಷನ್" ರೈಟ್ ಅಂದ್ರೆ ರೆಪೋ ಸೆಟ್ಟಿಂಗ್ಸ್, ಕೊಲ್ಯಾಬರೇಟರ್‌ಗಳು, ರೆಪೋ ಡಿಲೀಟ್ ಮಾಡೋದೂ ಸೇರಿ.

ಈಗ ಕೇಳಬೇಕಾದ ಪ್ರಶ್ನೆ ಒಂದೇ, ಈ ಟೂಲ್ ಮಾಡೋ ಕೆಲಸಕ್ಕೆ ಇದು ಬೇಕಾ? ರಿವ್ಯೂ ಬಾಟ್‌ಗೆ ಕೋಡ್ ಓದೋದು, ಪುಲ್ ರಿಕ್ವೆಸ್ಟ್‌ನಲ್ಲಿ ಬರಿಯೋದು ಬೇಕು, ಸರಿ. ಡಿಪ್ಲಾಯ್ ಮಾಡೋ ಹೋಸ್ಟಿಂಗ್‌ಗೆ ಕೋಡ್ ಓದೋದು, ಡಿಪ್ಲಾಯ್ ಆಯ್ತಾ ಇಲ್ವಾ ಅಂತ ಸ್ಟೇಟಸ್ ಹಾಕೋದು ಬೇಕು, ಅದೂ ಸರಿ. ರೀಡ್‌ಮಿಗೆ (ರೆಪೋದ ಪರಿಚಯದ ಫೈಲ್‌ಗೆ) ಚೆಂದದ ಬ್ಯಾಡ್ಜ್ ಮಾಡ್ಕೊಡೋ ಟೂಲ್‌ಗೆ ಅಡ್ಮಿನಿಸ್ಟ್ರೇಷನ್ ಯಾಕೆ? ಉತ್ತರ ಅವ್ರ ಡಾಕ್ಯುಮೆಂಟೇಷನ್‌ನಲ್ಲಿ ಸಿಗಲಿಲ್ಲ ಅಂದ್ರೆ ವಾಪಸ್ ಬನ್ರಿ.

ಮೋಸದ ಆ್ಯಪ್‌ಗಳೂ ಇದೇ ಪೇಜ್‌ನ ಬಳಸ್ತವೆ. 2025ರ ಮಾರ್ಚ್‌ನಲ್ಲಿ ಸಾವಿರಾರು ರೆಪೋಗಳಲ್ಲಿ "ಸೆಕ್ಯೂರಿಟಿ ಅಲರ್ಟ್" ಅಂತ ಸುಳ್ಳು ಇಶ್ಯೂ ಬಂದಿದ್ವು, ನಿಮ್ಮ ಅಕೌಂಟ್‌ಗೆ ಐಸ್‌ಲ್ಯಾಂಡ್‌ನಿಂದ ಯಾರೋ ಲಾಗಿನ್ ಆಗೋಕೆ ನೋಡ್ತಿದ್ದಾರೆ, ಪಾಸ್‌ವರ್ಡ್ ಬದಲಾಯಿಸ್ರಿ ಅಂತ. ಒತ್ತಿದ್ರೆ ಒಂದು ಓಆತ್ ಆ್ಯಪ್‌ನ ಆಥರೈಸ್ ಪೇಜ್ ಬರ್ತಿತ್ತು, ಅದು ರೆಪೋ ಓದು-ಬರಹದ ಜೊತೆ ಡಿಲೀಟ್ ಮಾಡೋ ಅಧಿಕಾರನೂ ಕೇಳ್ತಿತ್ತು. ಪೇಜ್ ಗಿಟ್‌ಹಬ್‌ನದ್ದೇ, ವಿಳಾಸ ಗಿಟ್‌ಹಬ್‌ನದ್ದೇ, ಹಂಗಾಗಿ ವಿಳಾಸ ನೋಡಿ ನಂಬೋ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರಲ್ಲ. ಪಟ್ಟಿ ಓದಿದೋರು ಮಾತ್ರ ತಪ್ಪಿಸ್ಕೋತಾರೆ, ಪಾಸ್‌ವರ್ಡ್ ಬದಲಾಯಿಸೋಕೆ ರೆಪೋ ಡಿಲೀಟ್ ಮಾಡೋ ಅಧಿಕಾರ ಯಾಕೆ ಬೇಕು ಅಂತ.

ಹೆಜ್ಜೆ 3: ಒಂದೇ ರೆಪೋ ಕೊಡ್ರಿ

ಗಿಟ್‌ಹಬ್ ಆ್ಯಪ್ ಇನ್‌ಸ್ಟಾಲ್ ಮಾಡೋವಾಗ "ಆಲ್ ರೆಪಾಸಿಟರೀಸ್", "ಓನ್ಲಿ ಸೆಲೆಕ್ಟ್ ರೆಪಾಸಿಟರೀಸ್" ಅಂತ ಎರಡು ಆಯ್ಕೆ ಬರ್ತವೆ. ಎರಡನೇದನ್ನೇ ಒತ್ತಿ ಬೇಕಾದ ಒಂದು ರೆಪೋ ಆರಿಸ್ರಿ. "ಆಲ್" ಅಂದ್ರೆ ಈಗಿರೋವಷ್ಟೇ ಅಲ್ಲ, ಮುಂದೆ ನೀವು ಮಾಡೋ ರೆಪೋಗಳೂ ಅದಕ್ಕೆ ತಾನಾಗೇ ಸೇರ್ತಾ ಹೋಗ್ತವೆ. ಇವತ್ತು ಕಾಲೇಜಿನ ಕ್ಯಾಲ್ಕುಲೇಟರ್ ಪ್ರಾಜೆಕ್ಟ್ ಇರೋ ಅಕೌಂಟ್‌ನಲ್ಲಿ ಇನ್ನೆರಡು ವರ್ಷಕ್ಕೆ ಯಾವ್ದೋ ಆಸ್ಪತ್ರೆಯ ಪೇಷಂಟ್ ರೆಕಾರ್ಡ್ ಸಾಫ್ಟ್‌ವೇರ್ ಇರಬಹುದು, ಆಗ ಈ ಬಾಟ್ ಇನ್ನೂ ಒಳಗೇ ಇರುತ್ತೆ.

ಓಆತ್ ಆ್ಯಪ್‌ಗೆ ಈ ಆಯ್ಕೆ ಇಲ್ಲ. ಅದನ್ನೇ ಬಳಸಬೇಕಾದ ಪರಿಸ್ಥಿತಿ ಇದ್ರೆ ಗಿರಾಕಿಗಳ ಕೆಲಸನ ಯಾರ್ದೋ ಪರ್ಸನಲ್ ಅಕೌಂಟ್‌ನಲ್ಲಿ ಇಡೋದು ಬಿಟ್ಟು ಗಿಟ್‌ಹಬ್ ಆರ್ಗನೈಸೇಷನ್ ಮಾಡ್ರಿ, ಫ್ರೀ ಪ್ಲಾನ್‌ನಲ್ಲೇ ಆಗುತ್ತೆ, ಪ್ರೈವೇಟ್ ರೆಪೋಗೂ 2020ರಿಂದ ಎಷ್ಟು ಜನರನ್ನ ಬೇಕಾದ್ರೂ ಫ್ರೀ ಸೇರಿಸಬಹುದು. ಆರ್ಗನೈಸೇಷನ್ ಸೆಟ್ಟಿಂಗ್ಸ್‌ನಲ್ಲಿ ಥರ್ಡ್ ಪಾರ್ಟಿ ಆಕ್ಸೆಸ್ ಅಂತ ಭಾಗ ಇದೆ, ಅಲ್ಲಿ ಓಆತ್ ಆ್ಯಪ್‌ಗಳಿಗೆ ತಡೆ ಹಾಕಿದ್ರೆ ಮೆಂಬರ್ ಯಾರಾದ್ರೂ ಟೂಲ್ ಆಥರೈಸ್ ಮಾಡಿದ್ರೂ ಓನರ್ ಒಪ್ಪೋವರೆಗೂ ಆರ್ಗನೈಸೇಷನ್‌ನ ಪ್ರೈವೇಟ್ ರೆಪೋ ಅದಕ್ಕೆ ಸಿಗಲ್ಲ. ಹೊಸ ಆರ್ಗನೈಸೇಷನ್‌ಗೆ ಈ ತಡೆ ಮೊದ್ಲಿಂದ್ಲೇ ಆನ್ ಇರುತ್ತೆ, ಆದ್ರೂ ಒಂದ್ಸಲ ಹೋಗಿ ಕಣ್ಣಾರೆ ನೋಡ್ರಿ. ಮೇಲೆ ಹೇಳಿದ ನಾಲ್ಕನೆಯೋರ ಸಮಸ್ಯೆಗೆ ಇದಕ್ಕಿಂತ ಒಳ್ಳೆ ಮದ್ದು ನನಗೆ ಕಂಡಿಲ್ಲ.

ಹೆಜ್ಜೆ 4: ಟೋಕನ್ ಪೇಸ್ಟ್ ಮಾಡ್ರಿ ಅಂದ್ರೆ

ಕೆಲವು ಟೂಲ್‌ಗಳು ಬಟನ್ ಬದ್ಲು ಪರ್ಸನಲ್ ಆಕ್ಸೆಸ್ ಟೋಕನ್ ಕೇಳ್ತವೆ. ಇದರಲ್ಲೂ ಎರಡು ಜಾತಿ. ಕ್ಲಾಸಿಕ್ ಟೋಕನ್‌ಗೆ ಮತ್ತೆ ಅದೇ ರೆಪೋ ಸ್ಕೋಪ್, ಅದೇ ಗೊಂಚಲು. 2022ರ ಅಕ್ಟೋಬರ್‌ನಲ್ಲಿ ಗಿಟ್‌ಹಬ್ ಫೈನ್-ಗ್ರೇನ್ಡ್ ಅಂತ ಹೊಸ ಥರದ ಟೋಕನ್ ತಂತು, ಇದರಲ್ಲಿ ಒಂದೇ ರೆಪೋ, ಬರೀ ಕಂಟೆಂಟ್ಸ್ ರೀಡ್, ಇಂತಿಷ್ಟು ದಿನ ಅಂತ ಕಟ್ಟು ಹಾಕಬಹುದು. ಟ್ರಯಲ್ ನೋಡೋಕೆ ಅಂದ್ರೆ 7 ದಿನ ಇಡ್ರಿ, ದಿನಾ ಬಳಸೋದಾದ್ರೆ 30 ದಿನ, ಮುಗಿದ್ಮೇಲೆ ಹೊಸದು ಮಾಡ್ಕೊಂಡ್ರಾಯ್ತು. ರೆಪೋ ಇನ್ನೊಬ್ರ ಪರ್ಸನಲ್ ಅಕೌಂಟ್‌ನಲ್ಲಿ ಇದ್ರೆ ಟೋಕನ್ ಅವ್ರ ಕೈಲೇ ಮಾಡಿಸ್ರಿ. ಗಿಟ್‌ಹಬ್ ಥರದ್ದೇ ಇನ್ನೊಂದು ಸರ್ವಿಸ್ ಆದ ಗಿಟ್‌ಲ್ಯಾಬ್ ಬಳಸೋರು "ಎಪಿಐ" ಅನ್ನೋ ಸ್ಕೋಪ್ ಕೊಡದೇ "ರೀಡ್ ರೆಪಾಸಿಟರಿ" ಕೊಟ್ರೆ ಸಾಕಾಗುತ್ತಾ ಅಂತ ಮೊದ್ಲು ನೋಡ್ರಿ.

ಸರ್ವರ್ ಒಂದಕ್ಕೆ ಕೋಡ್ ಇಳಿಸ್ಕೋಬೇಕು ಅಷ್ಟೇ ಅನ್ನೋದಾದ್ರೆ ಡಿಪ್ಲಾಯ್ ಕೀ ಸಾಕು, ಅದು ಒಂದೇ ರೆಪೋಗೆ ಸೇರಿದ್ದು, ನೀವಾಗೇ ಟಿಕ್ ಹಾಕದೇ ಹೋದ್ರೆ ಬರಿಯೋ ಅಧಿಕಾರ ಇರಲ್ಲ.

ಟೋಕನ್‌ನ ವಾಟ್ಸಾಪ್ ಗ್ರೂಪ್‌ಗೆ ಹಾಕ್ಬೇಡ್ರಿ. ಟೋಕನ್ ಇದ್ದೋರಿಗೆ ನಿಮ್ಮ ಪಾಸ್‌ವರ್ಡೂ ಬೇಡ, ಓಟಿಪಿನೂ ಬೇಡ.

ಹೆಜ್ಜೆ 5: ಕೋಡ್ ಎಲ್ಲಿಗೆ ಹೋಗುತ್ತೆ, ಎಷ್ಟು ದಿನ ಇರುತ್ತೆ

ಪರ್ಮಿಷನ್ ಅನ್ನೋದು ಒಳಗೆ ಬರೋ ಬಾಗಿಲಿನ ವಿಷಯ, ತಗೊಂಡು ಹೋದ್ಮೇಲೆ ಏನು ಮಾಡ್ತಾರೆ ಅನ್ನೋದನ್ನ ಗಿಟ್‌ಹಬ್ ಹೇಳೋಕಾಗಲ್ಲ. ಅದಕ್ಕೆ ಆ ಟೂಲ್‌ನ ಪ್ರೈವಸಿ ಪಾಲಿಸಿ ಓದ್ಬೇಕು. ಪೂರ್ತಿ ಓದೋ ತಾಳ್ಮೆ ಇಲ್ದಿದ್ರೆ ಇಷ್ಟಾದ್ರೂ ಹುಡುಕ್ರಿ: ಕೋಡ್‌ನ ಕಾಪಿ ಇಟ್ಕೋತಾರಾ, ಇಟ್ಕೊಂಡ್ರೆ ಎಷ್ಟು ದಿನ, ಎಐ ಮಾಡೆಲ್ ಟ್ರೈನ್ ಮಾಡೋಕೆ ಬಳಸ್ತಾರಾ, ಫ್ರೀ ಪ್ಲಾನ್‌ಗೂ ದುಡ್ಡು ಕೊಡೋ ಪ್ಲಾನ್‌ಗೂ ಈ ವಿಷಯದಲ್ಲಿ ವ್ಯತ್ಯಾಸ ಇದೆಯಾ, ಇನ್ಯಾವ ಕಂಪನಿಗಳಿಗೆ ಕಳಿಸ್ತಾರೆ, ಡಿಲೀಟ್ ಮಾಡ್ರಿ ಅಂತ ಕೇಳೋ ದಾರಿ ಯಾವ್ದು. ಫ್ರೀ ಪ್ಲಾನ್ ವಿಷಯ ಗಟ್ಟಿಯಾಗಿ ನೋಡ್ರಿ, ಎಷ್ಟೋ ಸರ್ವಿಸ್‌ಗಳಲ್ಲಿ ಟ್ರೈನಿಂಗ್‌ಗೆ ಬಳಸೋಕೆ ಒಪ್ಪಿಗೆ ಕೊಡೋ ಸ್ವಿಚ್ ಸೆಟ್ಟಿಂಗ್ಸ್‌ನಲ್ಲಿ ಎಲ್ಲೋ ಒಳಗಿರುತ್ತೆ, ಅದನ್ನ ನೀವೇ ಹುಡುಕಿ ಆಫ್ ಮಾಡ್ಬೇಕು. ಎಡಿಟರ್ ಒಳಗೆ ಕೂರೋ ಎಐ ಅಸಿಸ್ಟೆಂಟ್‌ಗೂ ಇದೇ ಮಾತು, ಅದು ಗಿಟ್‌ಹಬ್ ಪರ್ಮಿಷನ್ ಕೇಳ್ದೇನೇ ನೀವು ತೆರೆದಿರೋ ಫೈಲ್ ಸರ್ವರ್‌ಗೆ ಕಳಿಸ್ತಿರಬಹುದು, ಡಾಟ್ ಎನ್ವ್ ಫೈಲ್ ಅದಕ್ಕೆ ಕಾಣದಂಗೆ ತಡೆಯೋ ಸೆಟ್ಟಿಂಗ್ ಇದ್ರೆ ಮೊದ್ಲೇ ಹಾಕ್ರಿ.

ಕಾನೂನೂ ಈಗ ಸುಮ್ನಿಲ್ಲ. ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು, ಅದರ ರೂಲ್ಸ್ 2025ರ ನವೆಂಬರ್‌ನಲ್ಲಿ ಪ್ರಕಟ ಆದ್ವು, ಹಂತ ಹಂತವಾಗಿ ಜಾರಿಗೆ ಬರ್ತಿವೆ. ಜನರ ಡೇಟಾ ಯಾತಕ್ಕೆ, ಹೆಂಗೆ ಬಳಸ್ಬೇಕು ಅಂತ ನಿರ್ಧಾರ ಮಾಡೋರ ಮೇಲೆ, ಅಂದ್ರೆ ನಮ್ಮ ಉದಾಹರಣೇಲಿ ಮಂಡಿಯೋರ ಮೇಲೆ, ಮುಖ್ಯ ಜವಾಬ್ದಾರಿ ಬರುತ್ತೆ, ಅವ್ರ ಪರವಾಗಿ ಡೇಟಾ ಕೈಯಲ್ಲಿ ಹಿಡಿಯೋ ನಿಮ್ಮಂಥೋರ ಜೊತೆ ಸರಿಯಾದ ಒಪ್ಪಂದ ಇರ್ಬೇಕು ಅನ್ನುತ್ತೆ. ಸೂಕ್ತ ರಕ್ಷಣೆ ಮಾಡದೇ ಡೇಟಾ ಸೋರಿಕೆ ಆದ್ರೆ ದಂಡ 250 ಕೋಟಿ ರೂಪಾಯಿವರೆಗೂ ಇದೆ. ಸಣ್ಣ ಮಂಡಿಗೆ ಅಷ್ಟು ಹಾಕ್ತಾರೆ ಅಂತಲ್ಲ, ಆದ್ರೆ ನೀವು ಒತ್ತಿದ ಬಟನ್‌ಗೆ ಉತ್ತರ ಕೊಡಬೇಕಾದೋರು ಅವ್ರು, ಹಂಗಾಗಿ ಕೇಳಿ ಒತ್ತೋದು ನ್ಯಾಯ.

ಕೇಳೋದು ಕಷ್ಟ ಏನಿಲ್ಲ. ಟೆಕ್ನಿಕಲ್ ಪದ ಬೇಡ, ಹಿಂಗೆ ಒಂದು ಮೆಸೇಜ್ ಸಾಕು:

"ನಮಸ್ಕಾರ ಸಾವ್ಕಾರ್ರೇ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕೋಕೆ ಒಂದು ಹೊರಗಿನ ಕಂಪನಿ ಟೂಲ್ ಬಳಸ್ಬೇಕು ಅಂತಿದೀವಿ. ಸಾಫ್ಟ್‌ವೇರ್‌ನ ಕೋಡ್ ಅವ್ರ ಸರ್ವರ್‌ಗೆ ಹೋಗುತ್ತೆ, ಅದು ಇಂಡಿಯಾದ ಹೊರಗಿದೆ. ರೈತರ ಹೆಸರು, ಖಾತೆ, ಲೆಕ್ಕ ಯಾವ್ದೂ ಹೋಗಲ್ಲ, ಅದನ್ನ ತೆಗೆದಿದೀವಿ. ನಿಮ್ಗೆ ಬೇಡ ಅನ್ಸಿದ್ರೆ ಹೇಳ್ರಿ, ಅದಿಲ್ದೇನೂ ಕೆಲಸ ನಡೆಯುತ್ತೆ."

"ಆಗ್ಲಿ ಮಾಡಪ್ಪ" ಅಂತ ಉತ್ತರ ಬಂದ್ರೆ ಅದನ್ನ ಉಳಿಸ್ಕೊಳ್ರಿ. ಬೇಡ ಅಂದ್ರೆ ಬೇಡ, ಒತ್ತಾಯ ಮಾಡೋದು ಬೇಡ. ಆ ಮೆಸೇಜ್‌ನಲ್ಲಿ "ತೆಗೆದಿದೀವಿ" ಅಂತ ಬರೆಯೋ ಮುಂಚೆ ಹೆಜ್ಜೆ 1 ನಿಜವಾಗ್ಲೂ ಮುಗಿಸಿರ್ಬೇಕು.

ಹೆಜ್ಜೆ 6: ಆಕ್ಷನ್ಸ್ ಫೈಲ್‌ನಲ್ಲಿ ಬರೋ ಹೊರಗಿನೋರು

ಇದಕ್ಕೆ ಆಥರೈಸ್ ಪೇಜೇ ಬರಲ್ಲ, ಅದಕ್ಕೇ ಜನ ಮರೀತಾರೆ. ಗಿಟ್‌ಹಬ್ ಆಕ್ಷನ್ಸ್ ವರ್ಕ್‌ಫ್ಲೋದಲ್ಲಿ ಬೇರೆಯೋರು ಬರೆದ ಆಕ್ಷನ್ ಒಂದು ಸಾಲಲ್ಲಿ ಹಾಕ್ಕೋತೀವಿ, ಅದು ನಮ್ಮ ಸೀಕ್ರೆಟ್ಸ್ ಇರೋ ಜಾಗದಲ್ಲೇ ಓಡುತ್ತೆ. 2025ರ ಮಾರ್ಚ್‌ನಲ್ಲಿ ಟಿಜೆ-ಆಕ್ಷನ್ಸ್‌ನ ಚೇಂಜ್ಡ್-ಫೈಲ್ಸ್ ಅನ್ನೋ ಇಂಥ ಒಂದು ಆಕ್ಷನ್ ಮೇಲೆ ದಾಳಿ ಆಯ್ತು, ಅದನ್ನ 23,000ಕ್ಕೂ ಹೆಚ್ಚು ರೆಪೋಗಳು ಬಳಸ್ತಿದ್ವು. ದಾಳಿ ಮಾಡಿದೋರು ಹಳೇ ವರ್ಷನ್ ಟ್ಯಾಗ್‌ಗಳನ್ನೇ ತಮ್ಮ ಕೆಟ್ಟ ಕಮಿಟ್ ಕಡೆ ತಿರುಗಿಸಿಬಿಟ್ರು, ಅದು ಸೀಕ್ರೆಟ್ಸ್‌ನ ಬಿಲ್ಡ್ ಲಾಗ್‌ನಲ್ಲಿ ಪ್ರಿಂಟ್ ಮಾಡ್ತು, ಪಬ್ಲಿಕ್ ರೆಪೋ ಆಗಿದ್ರೆ ಆ ಲಾಗ್ ಯಾರು ಬೇಕಾದ್ರೂ ನೋಡಬಹುದು. ವರ್ಷನ್ ನಂಬರ್ ಹಾಕಿದೀವಿ, ಬದಲಾಗಲ್ಲ ಅಂತ ನಂಬಿದೋರೂ ಸಿಕ್ಕಿಬಿದ್ರು. ಟ್ಯಾಗ್ ಬದಲಾಗಬಹುದು, ಕಮಿಟ್‌ನ 40 ಅಕ್ಷರದ ಹ್ಯಾಶ್ (ಆ ಕಮಿಟ್‌ನ ಗುರುತು) ಬದಲಾಗಲ್ಲ, ಹಂಗಾಗಿ ಹೊರಗಿನ ಆಕ್ಷನ್‌ಗೆ ವರ್ಷನ್ ಬದ್ಲು ಪೂರ್ತಿ ಹ್ಯಾಶ್ ಬರೀರಿ. ವರ್ಕ್‌ಫ್ಲೋ ಫೈಲ್‌ನ ಮೇಲ್ಗಡೆನೇ ಪರ್ಮಿಷನ್ಸ್ ಅಂತ ಹಾಕಿ ಕಂಟೆಂಟ್ಸ್‌ಗೆ ರೀಡ್ ಮಾತ್ರ ಕೊಡ್ರಿ, ಯಾವ್ದಾದ್ರೂ ಒಂದು ಜಾಬ್‌ಗೆ ಬರಿಯೋ ಅಧಿಕಾರ ಬೇಕಾದ್ರೆ ಅದಕ್ಕಷ್ಟೇ ಬೇರೆ ಬರೀರಿ.

ಹೆಜ್ಜೆ 7: ಜೋಡಿಸಿದ್ದನ್ನ ಬಿಚ್ಚೋದು

ಬಿಚ್ಚೋದು ಯಾಕೆ ಅಷ್ಟು ಮುಖ್ಯ ಅಂದ್ರೆ, ಟೂಲ್‌ನೋರು ಒಳ್ಳೆಯೋರೇ ಆದ್ರೂ ಅವ್ರ ಮನೇಗೆ ಕಳ್ಳ ನುಗ್ಗಬಹುದು. 2022ರ ಏಪ್ರಿಲ್‌ನಲ್ಲಿ ಹೆರೋಕು (ಹೋಸ್ಟಿಂಗ್ ಕಂಪನಿ), ಟ್ರಾವಿಸ್ ಸಿಐ (ಕೋಡ್‌ನ ತಾನಾಗೇ ಟೆಸ್ಟ್ ಮಾಡೋ ಸರ್ವಿಸ್) ಇವ್ರಿಗೆ ಕೊಟ್ಟಿದ್ದ ಓಆತ್ ಟೋಕನ್‌ಗಳು ಕಳ್ಳತನ ಆಗಿ, ಜಾವಾಸ್ಕ್ರಿಪ್ಟ್ ಲೈಬ್ರರಿಗಳನ್ನ ಹಂಚೋ ಎನ್‌ಪಿಎಂ ಸೇರಿ ಹತ್ತಾರು ಸಂಸ್ಥೆಗಳ ಪ್ರೈವೇಟ್ ರೆಪೋಗಳನ್ನ ಅದೇ ಟೋಕನ್‌ನಿಂದ ಇಳಿಸ್ಕೊಂಡ್ರು ಅಂತ ಗಿಟ್‌ಹಬ್ ಹೇಳ್ತು. 2023ರ ಜನವರೀಲಿ ಟ್ರಾವಿಸ್ ಥರದ್ದೇ ಸರ್ವಿಸ್ ಆದ ಸರ್ಕಲ್‌ಸಿಐ ತನ್ನ ಗಿರಾಕಿಗಳಿಗೆಲ್ಲಾ ನಮ್ಮ ಹತ್ರ ಇಟ್ಟಿರೋ ಸೀಕ್ರೆಟ್ಸ್ ಎಲ್ಲಾ ಬದಲಾಯಿಸ್ರಿ ಅಂತು, ಅವ್ರ ಒಬ್ಬ ಇಂಜಿನಿಯರ್‌ನ ಲ್ಯಾಪ್‌ಟಾಪ್‌ಗೆ ಮಾಲ್‌ವೇರ್ ಸೇರಿತ್ತು. ಇಂಥ ಹೊತ್ತಲ್ಲಿ ಬಳಸೋದು ಬಿಟ್ಟು ಮರೆತೇ ಹೋಗಿರೋ ಟೂಲ್‌ಗಳು ನಿಮ್ಮ ಅಕೌಂಟ್‌ಗೆ ಅಂಟಿಕೊಂಡಿದ್ರೆ ಕಾರಣ ಇಲ್ದೇ ನೀವೂ ಸಿಕ್ಕಿಹಾಕ್ಕೋತೀರಿ.

ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ಅಪ್ಲಿಕೇಷನ್ಸ್ ಅಂತ ಇದೆ, ಅದರಲ್ಲಿ ಮೂರು ಟ್ಯಾಬ್: ಇನ್‌ಸ್ಟಾಲ್ಡ್ ಗಿಟ್‌ಹಬ್ ಆ್ಯಪ್ಸ್, ಆಥರೈಸ್ಡ್ ಗಿಟ್‌ಹಬ್ ಆ್ಯಪ್ಸ್, ಆಥರೈಸ್ಡ್ ಓಆತ್ ಆ್ಯಪ್ಸ್. ಮೂರೂ ನೋಡ್ರಿ, ಒಂದರಲ್ಲಿ ತೆಗೆದ್ರೆ ಇನ್ನೊಂದರಲ್ಲಿ ಉಳಿದಿರಬಹುದು, ಯಾಕಂದ್ರೆ ಆಥರೈಸ್ ರದ್ದು ಮಾಡೋದು ಬೇರೆ, ಇನ್‌ಸ್ಟಾಲ್ ಆಗಿದ್ದನ್ನ ತೆಗೆಯೋದು ಬೇರೆ. ಹೆಸರು ನೋಡಿದ್ರೆ ನೆನಪೇ ಬರ್ದಿರೋದನ್ನ ಯೋಚಿಸದೇ ತೆಗೀರಿ, ಬೇಕಾದ್ರೆ ಮತ್ತೆ ಕೇಳುತ್ತೆ. ಆಮೇಲೆ ಡೆವಲಪರ್ ಸೆಟ್ಟಿಂಗ್ಸ್‌ಗೆ ಹೋಗಿ ಟೋಕನ್ ಪಟ್ಟಿ ನೋಡ್ರಿ, ಪ್ರತಿ ರೆಪೋದ ಸೆಟ್ಟಿಂಗ್ಸ್‌ನಲ್ಲಿ ವೆಬ್‌ಹುಕ್ (ರೆಪೋದಲ್ಲಿ ಏನಾದ್ರೂ ಆದಾಗ ಹೊರಗಿನ ಸರ್ವರ್‌ಗೆ ಸುದ್ದಿ ಕಳ್ಸೋದು), ಡಿಪ್ಲಾಯ್ ಕೀ, ಕೊಲ್ಯಾಬರೇಟರ್ ಪಟ್ಟಿ ನೋಡ್ರಿ. ಪ್ರಾಜೆಕ್ಟ್ ಸಬ್ಮಿಟ್ ಆದ ದಿನ, ಆಫೀಸ್‌ನಿಂದ ಯಾರಾದ್ರೂ ಕೆಲಸ ಬಿಟ್ಟು ಬೆಂಗಳೂರಿಗೆ ಹೊರಟ ದಿನ, ಸಾಫ್ಟ್‌ವೇರ್ ಗಿರಾಕಿ ಕೈಗೆ ಒಪ್ಪಿಸಿದ ದಿನ, ಈ ದಿನಗಳಲ್ಲಿ ತಪ್ಪದೇ ಮಾಡ್ರಿ.

ತೆಗೆದ ಮಾತ್ರಕ್ಕೆ ಅವ್ರ ಸರ್ವರ್‌ನಲ್ಲಿರೋ ಕಾಪಿ ಹೋಗಲ್ಲ. ಟೂಲ್‌ನ ಒಳಗೆ ಹೋಗಿ ಅಲ್ಲಿರೋ ಅಕೌಂಟ್ ಡಿಲೀಟ್ ಮಾಡ್ಬೇಕು, ಡೇಟಾ ಅಳಿಸ್ರಿ ಅಂತ ಇಮೇಲ್ ಹಾಕ್ಬೇಕು. ಗಿಟ್‌ಹಬ್ ಕಡೆ ಬಿಚ್ಚೋ ಮುಂಚೆನೇ ಈ ಕೆಲಸ ಮಾಡ್ರಿ, ಕೆಲವು ಟೂಲ್‌ಗೆ ಲಾಗಿನ್ ಆಗೋ ದಾರಿನೇ ಗಿಟ್‌ಹಬ್ ಆಗಿರುತ್ತೆ.

ಏನೋ ಸೋರಿದೆ ಅಂತ ಅನುಮಾನ ಬಂದ್ರೆ

ಪಾಸ್‌ವರ್ಡ್ ಬದಲಾಯಿಸಿ ಸುಮ್ನೆ ಕೂರ್ಬೇಡ್ರಿ, ಟೋಕನ್‌ಗಳನ್ನ ಪ್ರತ್ಯೇಕವಾಗಿ ರದ್ದು ಮಾಡ್ಬೇಕು. ಮೊದ್ಲು ಆ ಟೂಲ್‌ನ ಆಕ್ಸೆಸ್ ತೆಗೀರಿ, ಆಮೇಲೆ ಆ ರೆಪೋದಲ್ಲಿ, ಅದರ ಸೀಕ್ರೆಟ್ಸ್‌ನಲ್ಲಿ ಇದ್ದ ಪ್ರತಿ ಕೀನೂ ಬದಲಾಯಿಸ್ರಿ, ಡೇಟಾಬೇಸ್ ಪಾಸ್‌ವರ್ಡ್, ಪೇಮೆಂಟ್ ಕೀ, ಕ್ಲೌಡ್ ಕೀ ಈ ಕ್ರಮದಲ್ಲಿ ಹೋದ್ರೆ ಒಳ್ಳೇದು. ಸೆಟ್ಟಿಂಗ್ಸ್‌ನ ಸೆಕ್ಯೂರಿಟಿ ಲಾಗ್ ತೆಗೆದು ನೀವು ಮಾಡದೇ ಇರೋ ಕೆಲಸ ಏನಾದ್ರೂ ಇದೆಯಾ ನೋಡ್ರಿ, ಹೊಸ ಕೀ ಸೇರಿದೆಯಾ, ಪ್ರೈವೇಟ್ ರೆಪೋ ಪಬ್ಲಿಕ್ ಆಗಿದೆಯಾ, ಗೊತ್ತಿಲ್ಲದ ಆ್ಯಪ್ ಆಥರೈಸ್ ಆಗಿದೆಯಾ. ಕಂಡಿದ್ದನ್ನೆಲ್ಲಾ ಸ್ಕ್ರೀನ್‌ಶಾಟ್ ತೆಗೆದು ಟೈಮ್ ಸಮೇತ ಬರೆದಿಡ್ರಿ. ರೆಪೋದಲ್ಲಿ ಜನರ ಡೇಟಾ ಇತ್ತು ಅಂದ್ರೆ ಗಿರಾಕಿಗೆ ಅವತ್ತೇ ಫೋನ್ ಮಾಡಿ ಹೇಳ್ರಿ, ಯಾವ ಫೈಲ್, ಯಾರ್ಯಾರ ವಿವರ, ಎಷ್ಟು ದಿನ ಹೊರಗಿತ್ತು ಅಂತ. ಮಂಡಿಯೋರು ರೈತರಿಗೆ ಹೇಳೋದು ಸುಲಭ ಆಗ್ಲಿ ಅಂತ ಆ ಹೆಸರುಗಳ ಪಟ್ಟಿನೂ ಮಾಡ್ಕೊಡ್ರಿ, ಯಾರಾದ್ರೂ ಬ್ಯಾಂಕ್‌ನೋರು ಅಂತ ಫೋನ್ ಮಾಡಿ ಖಾತೆ ನಂಬರ್ ಸರಿಯಾಗಿ ಹೇಳಿ ಓಟಿಪಿ ಕೇಳಿದ್ರೆ ಕೊಡಬಾರ್ದು ಅಂತ ಅವ್ರಿಗೆ ಮೊದ್ಲೇ ಗೊತ್ತಿರ್ಬೇಕು.